ಸೀಟು ಸಿಕ್ಕ ಊರಿನ ಸುದ್ದಿ

ರಾಜಕೀಯದ ಸುದ್ದಿ ನನಗೆ ಸೇರದು. ಆಳಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಪೇಪರಿನ ಭಾನುವಾರದ ಪುರವಣಿಯೇ ಸಾಕು. ಅಂಥವನು ಕಳೆದ ಬೇಸಿಗೆಯಲ್ಲಿ, ಎಂದೂ ಕಾಣದ ಪರರಾಜ್ಯದ ಊರೊಂದರ ನಗರಸಭೆಯಲ್ಲಿ ಯಾರ ಬಣ ಯಾರ ಮೇಲೆ ಮುನಿಸಿಕೊಂಡಿದೆ ಎಂಬುದನ್ನು ಬಾಯಿಪಾಠ ಮಾಡಿದ್ದೆ. ಮಗಳು ಅರ್ಷಿಯಾಗೆ ಅಲ್ಲಿನ ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು.

ಕಾಲೇಜೇನೋ ಒಳ್ಳೆಯದು. ಊರು? ಮೊಬೈಲಿನಲ್ಲಿ ಹುಡುಕಿದರೆ ಬಂದ್, ಮೆರವಣಿಗೆ, ಬೇರೆ ಭಾಷೆಯ ಬೋರ್ಡಿಗೆ ಮಸಿ. ಒಮ್ಮೆ ಹುಡುಕಿದ್ದೇ ತಪ್ಪಾಯಿತು. ಆಮೇಲೆ ಮೊಬೈಲು ತಾನಾಗಿಯೇ ಅಲ್ಲಿನ ಜಗಳಗಳನ್ನು ಚಹಾದ ಹೊತ್ತಿಗೆ ತಂದು ಎದುರಿಗಿಡತೊಡಗಿತು. ನಾನು ಓದಿ ಹೇಳುವುದು, ಹೆಂಡತಿ ಬೇಳೆ ಆರಿಸುತ್ತ ಕೇಳುವುದು. ಕೊನೆಗೆ ಅವಳು ರೇಗಿದಳು:

"ಛೋಕ್ರಿ ಕಾಲೇಜಿಗಿ ಹೊಂಟಾಳ್ರಿ, ಎಲೆಕ್ಷನ್ನಿಗಿ ನಿಂದ್ರಾಕಲ್ಲ!"

ಅರ್ಷಿಯಾ ರೇಗಲಿಲ್ಲ. "ನನಗೂ ಅಂಜಿಕಿ ಅದ ಅಬ್ಬಾ. ಆದ್ರ ಬರೇ ಸುದ್ದಿ ಓದಿ ಬ್ಯಾಡ ಅನಬ್ಯಾಡ್ರಿ. ಅಲ್ಲಿ ಇರೋರನ್ನ ಕೇಳೋಣು" ಎಂದಳು.

ಅಫಜಲಪುರದ ಕಡೆಯ ಅತನೂರಿನಲ್ಲಿ ನನ್ನ ಗೆಳೆಯ ಸಿದ್ದಪ್ಪನಿದ್ದಾನೆ. ಅವನ ಮಗಳು ಮಹಾದೇವಿ ಅದೇ ಕಾಲೇಜಿನಲ್ಲಿ ಓದುತ್ತಾಳೆ, ರಜೆಗೆ ಬಂದಿದ್ದಳು. ನಾನೂ ಅರ್ಷಿಯಾಳೂ ಅತನೂರಿನ ಬಸ್ಸು ಹತ್ತಿದೆವು. ಸಿದ್ದಪ್ಪನ ಮನೆಯಲ್ಲಿ ಊಟಕ್ಕೆ ಕೂತಾಗ, ಕಾಲೇಜಿನ ಊರಿನಲ್ಲಿ ಯಾವ ಪಕ್ಷದ ಜೋರು, ಯಾವ ಗುಂಪಿನ ಬಲ ಎಂದು ನಾನು ಕೇಳುತ್ತಲೇ ಹೋದೆ. ಮಹಾದೇವಿ ಎಲ್ಲ ಕೇಳಿಸಿಕೊಂಡು ಹೇಳಿದಳು:

"ಜಗಳ ಅವ ಕಾಕಾ, ಸುಳ್ಳ್ಯಾಕ ಹೇಳ್ಲಿ? ಬಂದ್ ಆದಾಗ ನಮ್ಮ ವಾರ್ಡನ್ ಮೇಡಂ ತಾವೇ ಗೇಟಿನಾಗ ಕುರ್ಚಿ ಹಾಕ್ಕೊಂಡು ಕುಂತಿದ್ರು. ಹೊರಗಿನವರನ್ನ ಒಬ್ಬರನ್ನೂ ಒಳಗ ಬಿಡ್ಲಿಲ್ಲ. ಆದ್ರ ಹಾಸ್ಟೆಲ್ ಬಿಟ್ಟು ಹೊರಗ ಬಾಡಿಗಿ ಖೋಲಿ ಹಿಡೀಬ್ಯಾಡ್ರಿ. ಹೆಸರು ಕೇಳಿದ ಮ್ಯಾಲ ಖೋಲಿ ಖಾಲಿ ಇಲ್ಲಂತಾರ."

ಕೊನೆಯ ಮಾತನ್ನು ಅವಳು ಅರ್ಷಿಯಾಳ ಮುಖ ನೋಡದೆ ಹೇಳಿದಳು. ಸಿದ್ದಪ್ಪ ತಾಟಿನ ಕಡೆ ಕಣ್ಣಿಟ್ಟ. ಮುರಿದ ರೊಟ್ಟಿಯನ್ನು ನಾನು ತಾಟಿಗೇ ಮರಳಿ ಇಟ್ಟೆ. ಮಗಳ ಹೆಸರನ್ನು ನಾನು ಎಷ್ಟು ಮುದ್ದಿನಿಂದ ಇಟ್ಟಿದ್ದೆ!

ಅರ್ಷಿಯಾ, "ಅಕ್ಕಾ, ಹಾಸ್ಟೆಲಿನಾಗ ಊಟ ಹ್ಯಾಂಗದ?" ಎಂದಳು. ಅವಳು ನಿರ್ಧಾರ ಮಾಡಿಬಿಟ್ಟಿದ್ದಾಳೆಂದು ನನಗೆ ಗೊತ್ತಾಯಿತು. ಮರಳುವ ಬಸ್ಸಿನಲ್ಲಿ ಹೇಳಿದಳು: "ಕಾನೂನು ಓದೋಳು ಜಗಳ ಇಲ್ಲದ ಊರು ಎಲ್ಲಿ ಹುಡುಕ್ಲಿ ಅಬ್ಬಾ?"

ಹೋದಳು. ಹಾಸ್ಟೆಲಿನಲ್ಲೇ ಇದ್ದಾಳೆ. ಒಂದು ಬಂದ್ ನೋಡಿದಳು, ಅಲ್ಲಿನ ಭಾಷೆಯಲ್ಲಿ ಚೌಕಾಸಿ ಮಾಡುವುದನ್ನೂ ಕಲಿತಳು.

ಚಳಿಗಾಲದ ರಜೆಗೆ ಹಾಸ್ಟೆಲಿನ ತನ್ನ ಖೋಲಿಯ ಗೆಳತಿಯನ್ನು ಆಳಂದಕ್ಕೆ ಕರೆತರುವುದಾಗಿ ತಿಳಿಸಿದಳು. ಮರುದಿನವೇ ಆ ಹುಡುಗಿಯ ತಂದೆ ಫೋನು ಮಾಡಿದರು. ಹಿಂದಿಯಲ್ಲಿ ರೈಲು, ಬೆಳೆ ಎಲ್ಲ ಮಾತಾಡಿ, ಕೊನೆಗೆ ಅಳುಕುತ್ತ ಕೇಳಿದರು: "ನಿಮ್ಮ ಊರಿನ ಸುದ್ದಿ ಮೊಬೈಲಿನಲ್ಲಿ ನೋಡಿದೆ, ಮಾಸ್ತರ್ ಸಾಹೇಬರೇ. ವಾತಾವರಣ ಹೇಗಿದೆ?"

ನನಗೆ ಸಿಟ್ಟೇ ಬಂತು. ನಮ್ಮ ಊರಿನ ಬಗ್ಗೆ ಈ ಪ್ರಶ್ನೆಯೇ? ಏನೂ ಇಲ್ಲ ಎನ್ನಲು ಬಾಯಿ ತೆರೆದೆ, ಮಹಾದೇವಿಯ 'ಸುಳ್ಳ್ಯಾಕ ಹೇಳ್ಲಿ' ನೆನಪಾಯಿತು. "ಒಮ್ಮೊಮ್ಮೆ ಕಾವೇರುತ್ತದೆ, ನಿಜ. ಕಲಬುರಗಿ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಇಲ್ಲಿ ಇರುವಷ್ಟು ದಿನ ಅವಳೂ ನನ್ನ ಮಗಳೇ" ಎಂದೆ.

ಆಮೇಲೆ ಅವರು ಕೇಳಿದರು: "ಅಲ್ಲಿ ಚಳಿ ಬಹಳವೇ? ಸ್ವೆಟರ್ ಕಳಿಸಲೇ?"

ನಮ್ಮ ಕಡೆಯ ಚಳಿಗೆ ಸ್ವೆಟರ್ ಯಾಕೆ, ತೆಳ್ಳನೆಯ ಶಾಲೂ ಹೆಚ್ಚಾಯಿತು. ಆದರೆ ಅಪ್ಪನೊಬ್ಬನ ಭಯ ಇಳಿದಿಳಿದು ಸ್ವೆಟರಿನವರೆಗೆ ಬಂದು ನಿಂತಿರುವಾಗ ಬೇಡ ಎನ್ನುವುದು ಹೇಗೆ?

"ಕಳಿಸ್ರಿ, ಕಳಿಸ್ರಿ" ಎಂದೆ, ಕನ್ನಡದಲ್ಲೇ. ಅವರಿಗೆ ಅರ್ಥವಾಯಿತು.