ಬೇವಿನ ಬುಡದ ಹೊಳೆಪ್ಪ

ಹುಕ್ಕೇರಿ ಕಡೆಯಿಂದ ಹೊರಟು ಘಟಪ್ರಭಾ, ಗೋಕಾಕ ಹಾಯ್ದು ಕೌಜಲಗಿಯ ಮೇಲೆ ಮುಂದಕ್ಕೆ ಸಾಗುವ ಹೆದ್ದಾರಿಗೆ ಈಗ ನಂಬರಿದೆ, ಹಸಿರು ಬೋರ್ಡಿದೆ, ನಡುವೆ ಬಿಳಿ ಪಟ್ಟೆಯಿದೆ. ಫಕೀರವ್ವ ಮದುವೆಯಾಗಿ ಕೌಜಲಗಿಯ ಹೊರಗಿನ ವಸ್ತಿಗೆ ಬಂದಾಗ ಅದು ಬರೀ ಕುರಿ ನಡೆದು ಬಿದ್ದ ದಾರಿ. ಸುಗ್ಗಿ ಮುಗಿಯುತ್ತಿದ್ದಂತೆ ಅವಳ ಗಂಡ ಖಂಡೆಪ್ಪ ಹಿಂಡು ಹೊಡೆದುಕೊಂಡು ಹೊರಡುತ್ತಿದ್ದ. ಗೊಬ್ಬರ ಬೇಕೆಂದವರ ಹೊಲದಲ್ಲಿ ಕುರಿ ತರುಬುತ್ತ, ನೀರು ಕಂಡಲ್ಲಿ ಇಳಿಯುತ್ತ ಹಿಡಕಲ್ ತನಕ ಹೋಗಿ, ಮುಂಗಾರಿಗೆ ತಿರುಗಿ ಬರುತ್ತಿದ್ದ. ಫಕೀರವ್ವನೂ ಜೊತೆಗಿದ್ದ ಅಂಥದೊಂದು ತಿರುಗಾಟದಲ್ಲೇ ಹೊಳೆಯ ದಂಡೆಗೆ ಚೊಚ್ಚಲ ಮಗ ಹುಟ್ಟಿದ. ಹೊಳೆ ಕೊಟ್ಟ ಮಗನೆಂದು ಹೊಳೆಪ್ಪ ಎಂದೇ ಕರೆದರು.

ಎಪ್ಪತ್ತೆರಡರಲ್ಲಿ ಬರ ಬಿತ್ತು. ಖಂಡೆಪ್ಪ ಉಳಿದ ಕುರಿಗಳನ್ನು ಹೊಡೆದುಕೊಂಡು ಹಿಡಕಲ್ ಕಡೆಯ ಹೊಳೆದಂಡೆಯ ಹಸಿರು ಹುಡುಕಿ ಹೋದ. ಫಕೀರವ್ವ ಕೂಸು ಕಟ್ಟಿಕೊಂಡು ಸರಕಾರದ ಬರಗಾಲದ ಕೆಲಸಕ್ಕೆ ನಿಂತಳು. ಕುರಿದಾರಿಯನ್ನು ಅಗಲ ಮಾಡಿ, ಮೊರಂ ಹಾಕಿ, ಜಲ್ಲಿ ಹಾಸುವ ಕೆಲಸ. ಗಂಡಸರು ಬಂಡೆ ಒಡೆದು ತರುತ್ತಿದ್ದರು, ಹೆಂಗಸರು ಸಾಲಾಗಿ ಕುಳಿತು ಅದನ್ನು ಜಲ್ಲಿ ಮಾಡುತ್ತಿದ್ದರು. ದಾರಿ ಪಕ್ಕದ ಬೇವಿನ ಟೊಂಗೆಗೆ ಹಳೆಯ ಸೀರೆ ಕಟ್ಟಿ ಹೊಳೆಪ್ಪನನ್ನು ತೂಗುಬಿಟ್ಟು ಅವಳೂ ಸುತ್ತಿಗೆ ಹಿಡಿದಳು.

ಬಿಸಿಲು ಏರಿದ ದಿನಗಳಲ್ಲಿ ಕೂಸಿಗೆ ಭೇದಿ ಹತ್ತಿತು. ಎದೆಗೆ ಕೊಟ್ಟರೆ ಬಾಯಿ ಹಚ್ಚಲಿಲ್ಲ. ಅವಳು ಎತ್ತಿಕೊಂಡು, ಕೆಲಸ ನೋಡಿಕೊಳ್ಳುವ ಮುಕಾದಮನ ಮುಂದೆ ಹೋಗಿ ನಿಂತಳು.

"ಗೋಕಾಕದ ದವಾಖಾನಿಗೆ ಒಯ್ಯಬೇಕ್ರಿ."

"ನಡಕೋತ ಹೋದ್ರ ಈ ಬಿಸಲಾಗ ನೀನೂ ಉಳಿಯೂದಿಲ್ಲ. ಸಂಜಿಗಿ ಕಲ್ಲಿನ ಲಾರಿ ಬರತೈತಿ, ಅದರಾಗ ಕೂಡಸ್ತೀನಿ, ತಡಿ" ಎಂದ ಮುಕಾದಮ. ಕೆಟ್ಟವನೇನಲ್ಲ. ತನ್ನ ಪಾಲಿನ ಕುಡಿಯುವ ನೀರನ್ನೂ ಕೊಟ್ಟ.

ಸಂಜೆಗೆ ಲಾರಿ ಬಂತು. ಅಷ್ಟರಲ್ಲಿ ಕೂಸು ಅವಳ ತೊಡೆಯ ಮೇಲೆ ತಣ್ಣಗಾಗಿತ್ತು. ಜೊತೆಗಿದ್ದ ಹೆಂಗಸರು ರಸ್ತೆಗೆಂದು ತಂದ ಹಾರೆಯಿಂದಲೇ ಬೇವಿನ ಬುಡದಲ್ಲಿ ತಗ್ಗು ತೋಡಿದರು. ತೊಟ್ಟಿಲಿನ ಸೀರೆಯಲ್ಲೇ ಸುತ್ತಿ ಮಲಗಿಸಿ, ನಾಯಿ ನರಿ ಕೆದರಬಾರದೆಂದು ಮೇಲೊಂದು ಕಲ್ಲು ಹೇರಿದರು. ಮರುದಿನ ಫಕೀರವ್ವ ಮತ್ತೆ ಅಲ್ಲೇ ಜಲ್ಲಿ ಒಡೆಯಲು ಕುಳಿತಳು. ಕೂರದಿದ್ದರೆ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ. ಎದೆಯಲ್ಲಿ ಹಾಲು ಇನ್ನೂ ಬತ್ತಿರಲಿಲ್ಲ. ಕುಪ್ಪಸ ತೊಯ್ದರೆ ಸೆರಗು ಎಳೆದುಕೊಂಡು ಒಡೆಯುತ್ತಿದ್ದಳು.

ಮಳೆಗೆ ತಿರುಗಿ ಬಂದ ಖಂಡೆಪ್ಪನನ್ನು ಅವಳು ಮನೆಯೊಳಗೆ ಕರೆಯದೆ ನೇರ ಬೇವಿನ ಬುಡಕ್ಕೆ ಕರೆದೊಯ್ದಳು. ಅವನು ಕಂಬಳಿ ಹಾಸಿ ಕಲ್ಲಿನ ಬಾಜೂ ಕುಳಿತ. ಆಮೇಲೆ ಜೀವ ಇರುವ ತನಕ, ಹಿಂಡು ಎಷ್ಟೇ ಅವಸರದಲ್ಲಿರಲಿ, ಆ ಮರದ ನೆರಳಲ್ಲಿ ಒಂದು ಗಳಿಗೆ ನಿಲ್ಲಿಸದೆ ಮುಂದೆ ಹೋದವನಲ್ಲ.

ದಾರಿ ಬೆಳೆಯಿತು. ಜಲ್ಲಿಯ ಮೇಲೆ ಡಾಂಬರು ಬಿತ್ತು, ಕೆಂಪು ಬಸ್ಸು ಬಂತು. ಕಾಲುವೆ ನೀರು ಹರಿದು ಎರೆ ಹೊಲಗಳೆಲ್ಲ ಕಬ್ಬಾದವು. ಕಬ್ಬಾದ ಹೊಲದಲ್ಲಿ ಕುರಿಗೇನು ಕೆಲಸ? ಎರಡೆರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರುಗಳಿಗೆ ಹಿಂಡು ಅಡ್ಡ ಬಂದರೆ ಡ್ರೈವರುಗಳು ಹಾರ್ನು ಬಾರಿಸಿ ಬೈದು ಹೋಗುತ್ತಿದ್ದರು. ಒಂದು ವರ್ಷ ಹಾಗೆ ಬಂದ ಟ್ರ್ಯಾಕ್ಟರೊಂದು ಹಿಂಡಿನ ಮೇಲೆಯೇ ಹಾಯಿತು. ಖಂಡೆಪ್ಪ ಉಳಿದ ಕುರಿಗಳನ್ನು ಮಾರಿ ಇದ್ದ ತುಂಡು ಹೊಲ ಹಿಡಿದು ಕುಳಿತ. ಆಮೇಲೆ ರಾಜ್ಯ ಹೆದ್ದಾರಿ ಎಂಬ ಬೋರ್ಡು ನೆಟ್ಟರು. ಖಂಡೆಪ್ಪ ತೀರಿದಾಗ ಹೊಲದ ಬದುವಿನಲ್ಲೇ ಮಣ್ಣು ಮಾಡಿದರು.

ಇಷ್ಟರ ನಡುವೆಯೂ ಫಕೀರವ್ವ ಅಮಾವಾಸ್ಯೆ ತಪ್ಪಿಸಲಿಲ್ಲ. ಬಟ್ಟಲಲ್ಲಿ ಹಾಲು, ಎಲೆಯಲ್ಲಿ ಅನ್ನ ಹಿಡಿದು ಬೇವಿನ ಬುಡಕ್ಕೆ ನಡೆಯುತ್ತಿದ್ದಳು. ಎರಡು ಹೆಣ್ಣಿನ ಮೇಲೆ ಹುಟ್ಟಿದ ಮಾಲಿಂಗನನ್ನೂ ಕೈಹಿಡಿದು ಎಳೆದೊಯ್ಯುತ್ತಿದ್ದಳು. "ನಿಮ್ಮಣ್ಣಗ ಕೈ ಮುಗಿ" ಎನ್ನುತ್ತಿದ್ದಳು. ತಾನು ಕಾಣದ ಅಣ್ಣನಿಗೆ ಅವನು ಕೈ ಮುಗಿಯುತ್ತಿದ್ದ. ಹಾಲು ಮಣ್ಣಿಗೆ ಇಂಗುವುದನ್ನು ನೋಡುತ್ತ ನಿಲ್ಲುತ್ತಿದ್ದ.

ಹೋದ ವರ್ಷ ಹೆದ್ದಾರಿ ಅಗಲ ಮಾಡುವ ಕೆಲಸ ಬಂತು. ಮರಗಳ ಮೈಗೆ ಕೆಂಪು ಗುರುತು ಬಿದ್ದವು. ಬೇವಿಗೂ ಬಿತ್ತು. ಮಾಲಿಂಗ ಅಷ್ಟರಲ್ಲಿ ಟಿಪ್ಪರ್ ಕೊಂಡು ಅದೇ ಗುತ್ತಿಗೆದಾರನ ಕಡೆ ಮಣ್ಣು ಹೊಡೆಯುವ ಕೆಲಸ ಹಿಡಿದಿದ್ದ.

ಫಕೀರವ್ವ ಮರ ಉಳಿಸಿ ಎಂದು ಹೋಗಲಿಲ್ಲ. ಕೆಲಸ ನೋಡಿಕೊಳ್ಳುತ್ತಿದ್ದ ಶಿವಪುತ್ರನೆಂಬ ಮೂಡಲಗಿಯ ಸೂಪರ್‌ವೈಸರನ ಬಳಿ ಹೋಗಿ ಕೇಳಿದ್ದು ಇಷ್ಟೇ.

"ಸಾಹೇಬ್ರ, ಆ ಬೇವಿನ ಬುಡಕ್ಕ ನನ್ನ ಕೂಸು ಐತ್ರಿ. ನೀವು ತೆಗೆಯೂ ಮುಂಚೆ ಒಂದ್ ಮಾತ್ ಹೇಳ್ರಿ. ಎಲುಬು ಆರಿಸಿಕೊಂಡು ಅವರಪ್ಪನ ಬಾಜೂಕ ಇಡ್ತೀನಿ."

ಶಿವಪುತ್ರ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. "ಆತು ಆಯಿ. ಆ ಕಡೆ ಬರಾಕ ಇನ್ನೂ ಟೈಮ್ ಐತಿ. ನಿಮ್ಮ ಮಾಲಿಂಗ ಇಲ್ಲೇ ಇರ್ತಾನಲ್ಲ, ಹಿಂದಿನ ದಿನಾನ ಅವನ ಕೈಯಾಗ ಹೇಳಿ ಕಳಸ್ತೀನಿ."

ಸಮಾಧಾನವಾಯಿತು. ಪೂಜಾರಿಯನ್ನು ಕಂಡು ಏನೇನು ಬೇಕೆಂದು ಕೇಳಿಕೊಂಡಳು. ಗಂಡನ ಸಮಾಧಿಯ ಪಕ್ಕ ಸೊಸೆ ದ್ರಾಕ್ಷಾಯಿಣಿಯ ಕೈಯಿಂದ ಒಂದು ಮೊಳ ಜಾಗ ಹಸನು ಮಾಡಿಸಿದಳು. ಸಂತೆಯ ದಿನ, ಹೊಸ ಬಿಳಿ ಬಟ್ಟೆ ಮತ್ತು ಒಂದು ಪುಟ್ಟ ಮಡಿಕೆ ತರಲು ಗೋಕಾಕಕ್ಕೆ ಬಸ್ಸು ಹತ್ತಿದಳು. ಆಗ ಅಂಗಳದಲ್ಲಿ ಟಿಪ್ಪರಿನ ಗಾಲಿಗೆ ಗಾಳಿ ನೋಡುತ್ತಿದ್ದ ಮಾಲಿಂಗ ತಲೆ ಎತ್ತಲಿಲ್ಲ.

ತಿರುಗಿ ಬರುವಾಗ ಬಸ್ಸು ಒಂದು ಕಡೆ ನಿಧಾನವಾಯಿತು. ಕಿಟಕಿಯಾಚೆ ಬೇವು ಬೇರು ಸಹಿತ ಅಡ್ಡ ಬಿದ್ದಿತ್ತು. ಅದು ನಿಂತಿದ್ದ ಜಾಗದಲ್ಲಿ ಎತ್ತು ಇಳಿದರೂ ಕಾಣದಂಥ ತಗ್ಗು. ಜೆಸಿಬಿ ಆ ತಗ್ಗಿನ ಮಣ್ಣು ಎತ್ತಿ ಒಂದು ಟಿಪ್ಪರಿಗೆ ಸುರಿಯುತ್ತಿತ್ತು. ಟಿಪ್ಪರಿನ ಹಿಂದೆ 'ಮಾಲಿಂಗರಾಯ ಪ್ರಸನ್ನ' ಎಂದು ಬರೆದಿತ್ತು. ಫಕೀರವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೆ ಆ ಅಕ್ಷರಗಳ ಸುತ್ತ ಹಳದಿ ಹೂ ಬರೆಸಿದ್ದು ಅವಳೇ. ಬಸ್ಸು ಪಕ್ಕಕ್ಕೆ ಬಂದಾಗ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕುಳಿತಿದ್ದವನನ್ನೂ ಗುರುತು ಹಿಡಿದಳು.

"ನಿಲ್ಲಸ್ರಿ" ಎಂದಳು.

"ಇಲ್ಲಿ ಸ್ಟಾಪ್ ಇಲ್ಲ ಆಯಿ" ಎಂದ ಕಂಡಕ್ಟರ್.

ಮುಂದಿನ ಸ್ಟಾಪಿನಲ್ಲಿ ಇಳಿದು ಮಡಿಕೆ ಬಗಲಲ್ಲಿ ಹಿಡಿದುಕೊಂಡು ಹಿಂದಕ್ಕೆ ನಡೆದಳು. ಅವಳು ಮುಟ್ಟುವ ಹೊತ್ತಿಗೆ ಟಿಪ್ಪರ್ ಹೋಗಿತ್ತು. ಶಿವಪುತ್ರ ಅವಳನ್ನು ಕಂಡು ಎದುರು ಬಂದ.

"ಮುಂಜಾನೆ ಯಾಕ ಬರಲಿಲ್ಲ ಆಯಿ? ನಿಮ್ಮ ಸಲವಾಗಿ ಜೆಸಿಬಿ ನಿಲ್ಲಿಸಿಕೊಂಡು ಹಾದಿ ನೋಡಿದಿವಿ. ಆಮ್ಯಾಲ ಮಾಲಿಂಗ ಬಂದು, ನಮ್ಮವ್ವ ಬರೂದಿಲ್ಲ, ಕೆಲಸ ಚಾಲೂ ಮಾಡ್ರಿ ಅಂದ."

"ಅವಗ ಯಾವಾಗ ಹೇಳಿದ್ರಿ?"

"ನಿನ್ನೇನ ಹೇಳೀನಲ್ಲ."

ಅವಳು ಮಡಿಕೆಯನ್ನು ನೆಲಕ್ಕಿಟ್ಟಳು. "ಆ ಮಣ್ಣು ಎಲ್ಲಿ ಹಾಕೀರಿ?"

ಶಿವಪುತ್ರನ ಮುಖ ಸಣ್ಣದಾಯಿತು. ಕೈ ಮಾತ್ರ ಎತ್ತಿ ತೋರಿಸಿದ. ಕಾಲುವೆಯ ಸೇತುವೆಯ ಹತ್ತಿರ ರಸ್ತೆಯ ತಗ್ಗು ತುಂಬಿಸಲು ಹಾಕಿದ್ದರು. ಅವಳು ಅಲ್ಲಿಗೆ ಹೋಗಿ ನೋಡಿದಳು. ಎಷ್ಟೋ ಕಡೆಯ ಮಣ್ಣು ಒಂದಾಗಿ ಹರಡಿತ್ತು, ಅದರ ಮೇಲೆ ರೋಲರ್ ಹೋಗಿ ಬಂದು ಮಾಡುತ್ತಿತ್ತು. ಎಲ್ಲಿ ಕೆದರಬೇಕು? ಕೆಲಸದ ಹುಡುಗರು ರೋಲರ್ ನಿಲ್ಲಿಸಿದರು. ಅವಳು "ನಡಸ್ರಪ್ಪಾ ನಿಮ್ಮ ಕೆಲಸ" ಎಂದು ಹೊರಟಳು.

ಸಂಜೆ ಮಾಲಿಂಗ ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ ಫಕೀರವ್ವ ಎದುರು ಬಂದು ನಿಂತಳು.

"ನಿನಗ ಗೊತ್ತಿತ್ತು."

ಮಾಲಿಂಗ ತಂಬಿಗೆ ಕೆಳಗಿಟ್ಟ. "ಗೊತ್ತಿತ್ತು. ಹೇಳಿದ್ರ ನೀ ಪೂಜಾರಿನ್ನ ಕರಕೊಂಡು ಬಂದು ಕುಂಡ್ರಾಕಿ. ಊರ ಮಂದಿ ಕೂಡತಿದ್ರು. ಕೆಲಸ ನಿಂತ್ರ ಯಾರ ಅವ್ವನ ಸಲವಾಗಿ ನಿಂತಿತು ಅಂತ ಕೇಳತಿದ್ರು. ನಾಳಿಂದ ನನ್ನ ಗಾಡಿ ಬ್ಯಾಡ ಅಂದ್ರ ಏನ ಮಾಡ್ಲಿ? ಐವತ್ತು ವರ್ಷ ಆತು ಯವ್ವಾ. ಅಲ್ಲೇನ ಉಳದಿತ್ತು?"

"ಉಳದಿತ್ತೋ ಇಲ್ಲೋ, ನಾ ನೋಡತಿದ್ನಿ."

"ನೋಡತಿದ್ದಿ. ಹುಟ್ಟಿದಾಗಿಂದ ನೋಡೇನಿ, ನೀ ಅವನನ್ನ ನೋಡೂದು" ಎಂದ ಮಾಲಿಂಗ. ದನಿ ಏರಿಸಲಿಲ್ಲ. "ನಾ ಸಾಲ್ಯಾಗ ಪಾಸಾಗಿ ಬಂದ ದಿನ ಅಮಾಸಿ ಇತ್ತು. ಪೇಪರ ತೋರಸಾಕ ಬಂದ್ರ ಹಾಲಿನ ಬಟ್ಟಲ ಕೈಯಾಗ ಕೊಟ್ಟಿ. ಇವತ್ತ ಜೆಸಿಬಿ ಹಚ್ಚಿದಾಗ ನನಗ ಖರೆ ಹೇಳಬೇಕಂದ್ರ ಹಗರ ಅನಿಸಿತು."

ಬಾಗಿಲಲ್ಲಿ ನಿಂತಿದ್ದ ದ್ರಾಕ್ಷಾಯಿಣಿ, "ಸಾಕು, ಬಿಡ್ರಿ" ಎಂದಳು.

ಫಕೀರವ್ವ ಬಾಯಿ ತೆರೆದಳು. ಹೊಟ್ಟೆ ಬಟ್ಟೆ ಕಟ್ಟಿ ಅವನನ್ನು ಸಾಕಿದ್ದು, ಜ್ವರ ಬಂದಾಗ ಮುಕಾದಮನ ಮಾತು ನೆನಪಾಗಿ ಯಾರ ಗಾಡಿಗೂ ಕಾಯದೆ ಹೊತ್ತುಕೊಂಡು ಗೋಕಾಕಕ್ಕೆ ಓಡಿದ್ದು, ಎಲ್ಲ ಹೇಳಹೊರಟಳು. ಮಗನ ಮುಖ ನೋಡಿದಳು. ಹೇಳಿ ಏನಾಗಬೇಕು ಎನಿಸಿ ಒಳಗೆ ಹೋದಳು.

ಮರುದಿನ ದ್ರಾಕ್ಷಾಯಿಣಿ ಸೇತುವೆಯ ಬಳಿಯಿಂದ ಸೆರಗಿನಲ್ಲಿ ಒಂದು ಬೊಗಸೆ ಮಣ್ಣು ತಂದಳು. "ಅತ್ತಿ, ಇದನ್ನರ ಮಾಂವನ ಬಾಜೂಕ ಇಡೂನ್ರಿ" ಎಂದಳು.

ಫಕೀರವ್ವ ಅದನ್ನು ಮುಟ್ಟಲಿಲ್ಲ. "ಅದರಾಗ ಅವ ಅದಾನೋ ಇಲ್ಲೋ ಯಾರ ಬಲ್ಲರು. ರೋಡಿನ ಮಣ್ಣು ರೋಡಿಗೆ ಹಾಕಿ ಬಾ."

ರಸ್ತೆ ಮುಗಿಯಿತು. ಗೋಕಾಕ ಈಗ ಹತ್ತಿರವಾಗಿದೆ ಎಂದು ಎಲ್ಲರೂ ಹೇಳುತ್ತಾರೆ, ಹೌದು ಕೂಡ. ಗುತ್ತಿಗೆದಾರ ಕೆಲಸ ಹುಕ್ಕೇರಿ ಕಡೆಗೆ ಒಯ್ದು, ಅಲ್ಲಿನ ಗಾಡಿಗಳನ್ನೇ ಹಚ್ಚಿಕೊಂಡ. ಮಾಲಿಂಗನ ಟಿಪ್ಪರ್ ಅಂಗಳದಲ್ಲಿ ನಿಂತಿತು. ಕೆಲವು ದಿನ ಅವನು ಶಿವಪುತ್ರನಿಗೆ ಫೋನು ಮಾಡಿದ, ಆಮೇಲೆ ಬಿಟ್ಟ.

ತಾಯಿ ಮಗ ಒಂದೇ ಮನೆಯಲ್ಲಿದ್ದಾರೆ. ಜಗಳವಿಲ್ಲ. ರೊಟ್ಟಿ ಬಡಿಯುವ ಕೆಲಸವನ್ನು ಫಕೀರವ್ವ ಸೊಸೆಗೆ ಬಿಟ್ಟಿಲ್ಲ. ಬಿಸಿ ರೊಟ್ಟಿ ಬುಟ್ಟಿಗೆ ಹಾಕಿ, ಒಲೆಯ ಮುಂದಿನಿಂದ ತಿರುಗದೆ, "ನಿನ್ನ ಗಂಡಗ ಉಣ್ಣಾಕ ಬಾ ಅನ್ನು" ಎನ್ನುತ್ತಾಳೆ. ಮಾಲಿಂಗ ಅಲ್ಲೇ, ಕೈಯಳತೆಯಲ್ಲಿ, ಗೋಡೆಗೆ ಆತು ಕುಳಿತಿರುತ್ತಾನೆ. ದ್ರಾಕ್ಷಾಯಿಣಿ ಅದೇ ಮಾತನ್ನು ಮತ್ತೊಮ್ಮೆ ಅವನಿಗೆ ಹೇಳುತ್ತಾಳೆ. ಅವಳು ಹೇಳಿದ ಮೇಲೆಯೇ ಅವನು ಏಳುತ್ತಾನೆ.