ಬಾವಿ ಎಲ್ಲರದೆಂದು ಬರೆದುಕೊಂಡರು

ಅಣ್ಣಿಗೇರಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದಲ್ಲಿ ಚಕ್ಕಡಿಗಳು ಸಾಲುಗಟ್ಟಿವೆ. ಹಮಾಲ ಹುಲಿಗೆಪ್ಪ ಹತ್ತಿ ತುಂಬಿದ ಅಂಡಿಗೆಯನ್ನು ಬೆನ್ನಿಗೇರಿಸಿ, ಬಗ್ಗಿಕೊಂಡೇ ಒಳಗೆ ನಡೆಯುತ್ತಾರೆ. ಮೂಗಿಗೆ ಒಂದು ಅರಿವೆ, ಮೈತುಂಬ ಹತ್ತಿಯ ಎಳೆ. ಇಪ್ಪತ್ತು ಅಂಡಿಗೆ ಇಳಿಸಿದ ಮೇಲೆ ಅದೇ ಅರಿವೆಯಿಂದ ಮೈ ಝಾಡಿಸಿಕೊಂಡು, ಅಂಗಿ ಬದಲಿಸಿ, ಹುಬ್ಬಳ್ಳಿಯ ರೈಲು ಹಿಡಿಯುತ್ತಾರೆ. ಹೋಗುವುದು ಕಾಲೇಜಿಗೆ. ವಯಸ್ಸು ಮೂವತ್ತು ದಾಟಿದೆ, ಓದು ಬಿ.ಎ. ಮೊದಲ ವರ್ಷ.

"ಮೊದಲನೇ ದಿನಾ ಹುಡುಗೂರು ನನ್ನ ನೋಡಿ ಎದ್ದು ನಿಂತ್ರು. ಮಾಸ್ತರು ಬಂದ್ರು ಅನ್ಕೊಂಡ್ರು" ಎಂದು ಅವರು ನಗುತ್ತಾರೆ. ಹೆಂಡತಿ ಸಾವಂತ್ರೆವ್ವನಿಗೆ ನಗು ಬರುವುದಿಲ್ಲ. ರೊಟ್ಟಿಯ ಗಂಟು ಕೈಗೆ ಕೊಡುತ್ತ, "ಬೆನ್ನ ಮ್ಯಾಲಿನ ಅಂಡಿಗಿ ಸಾಲದಂತ ಪುಸ್ತಕಾನೂ ಹೊರತಾರ. ಹೇಳಿದ್ರ ಕೇಳಂಗಿಲ್ರಿ" ಎಂದು ಪತ್ರಿಕೆಯಿಂದ ಬಂದ ನನಗೇ ದೂರು ಕೊಡುತ್ತಾರೆ.

ಈ ಹಮಾಲರು ಒಂದು ಪತ್ತೇದಾರಿ ಕಾದಂಬರಿ ಬರೆದಿದ್ದಾರೆ ಎಂದರೆ ಫ್ಯಾಕ್ಟರಿಯ ಕಾರಕೂನರೇ ನಂಬುವುದಿಲ್ಲ. ಅದು ಕಳೆದ ವರ್ಷ ಅಚ್ಚಾಗಿ, ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಒಳ್ಳೆ ಮಾರಾಟವನ್ನೂ ಕಂಡಿದೆ. ಅದರ ಮೂಲ ಕತೆ ಅವರ ಅಕ್ಕ ದುಂಡವ್ವನದು.

ನವಲಗುಂದ ತಾಲೂಕಿನ ಅವರ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ತಾಯಿ ಇನ್ನೂ ಅಲ್ಲೇ ಬಾಳಬೇಕಾಗಿದೆ. ಹದಿನಾಲ್ಕು ವರ್ಷದ ಹಿಂದೆ, ೧೯೬೦ರಲ್ಲಿ, ದುಂಡವ್ವನ ಹೆಣ ಊರ ನಡುವಿನ ಮೆಟ್ಟಿಲುಬಾವಿಯಲ್ಲಿ ತೇಲಿತು. ಹುಲಿಗೆಪ್ಪ ಆಗ ಹುಬ್ಬಳ್ಳಿಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ್ದರು. ಹೆಣ ತೆಗೆಯಲು ಕೇರಿಯಿಂದ ಅಪ್ಪ ಸಣ್ಣಪ್ಪನನ್ನೇ ಕರೆಸಿದರು. ಮಗಳ ಕೊರಳ ಮೇಲೆ ಬೆರಳಿನ ಗುರುತುಗಳು ಮೂಡಿದ್ದನ್ನು ಅಪ್ಪ ಕಂಡರು. ಪೊಲೀಸರು ಚಾವಡಿಯಲ್ಲಿ ಪಂಚನಾಮೆ ಓದಿ ಹೇಳಿದರು: ನೀರು ತರಲು ಹೋದಾಗ ಕಾಲು ಜಾರಿ ಬಿದ್ದು ಮರಣ. ಕೆಳಗೆ ಇಬ್ಬರು ಪಂಚರ ಸಹಿ. ಕೇಸು ಅಲ್ಲಿಗೆ ಮುಗಿಯಿತು.

"ನೀರು ತರಾಕ ಹೋಗಿದ್ಲಂತ್ರಿ" ಎನ್ನುತ್ತಾರೆ ಹುಲಿಗೆಪ್ಪ. "ನಮ್ಮ ಕೇರಿಯವರು ಆ ಬಾವಿ ಮೆಟ್ಲಾ ತುಳಿಯಂಗಿಲ್ಲ. ಹಳ್ಳದ ನೀರು ಕುಡದು ಬೆಳದವರು ನಾವು. ಅಪ್ಪ ಆ ಮೆಟ್ಲಾ ಇಳದದ್ದು ಅದ ಒಂದ ದಿನಾ, ಮಗಳ ಹೆಣಾ ತರಾಕ. ಆಮ್ಯಾಲೆ ಬಾವಿ ನೀರೆಲ್ಲಾ ತೋಡಿಸಿ ಹೊರಗ ಚೆಲ್ಲಿದ್ರು."

ಊರಿಗೆ ಊರೇ ಇದನ್ನು ಬಲ್ಲದು. ಆದರೆ ಪಂಚನಾಮೆಯನ್ನು ಸುಳ್ಳೆನ್ನಬೇಕಾದರೆ ಕೇರಿಯವರನ್ನು ಬಾವಿಗೆ ಬಿಡುವುದಿಲ್ಲವೆಂದು ಬಾಯಿಬಿಡಬೇಕು, ಹಾಗೆ ಬಿಡದಿರುವುದು ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಬಾವಿ ಎಲ್ಲ ಜಾತಿಯವರದೂ ಎಂದು ಬರೆದುಕೊಂಡರು. ಎಂಥ ಉದಾರ ಊರು ನೋಡಿ. ಇಡೀ ಕೇರಿಯಲ್ಲಿ ಆ ಬಾವಿಯ ಹಕ್ಕು ಸಿಕ್ಕಿದ್ದು ಸತ್ತ ಹುಡುಗಿಯೊಬ್ಬಳಿಗೆ. ಕೊಂದವರು ಯಾರೆಂದು ಹುಲಿಗೆಪ್ಪ ಹೆಸರು ಹಿಡಿದೇ ಹೇಳುತ್ತಾರೆ. ಅದನ್ನು ಅಚ್ಚು ಹಾಕುವ ಧೈರ್ಯ ಈ ಪತ್ರಿಕೆಗೂ ಇಲ್ಲ, ನನಗೂ ಇಲ್ಲ.

ಅಪ್ಪ ಹಾಸಿಗೆ ಹಿಡಿದ ಮೇಲೆ ಹುಲಿಗೆಪ್ಪ ಕಾಲೇಜು ಬಿಟ್ಟು ಅಂಡಿಗೆ ಹೊತ್ತರು. ಮಳೆಗಾಲಕ್ಕೆ ಫ್ಯಾಕ್ಟರಿ ಮುಚ್ಚಿದಾಗಲೆಲ್ಲ ಕೂತು ಕಾದಂಬರಿ ಬರೆದರು. ಅದರಲ್ಲಿ ಪತ್ತೇದಾರನಿಗೆ ಸಿಗುವ ಸುಳಿವು ಒಂದೇ: ಹತ್ತಿರವೂ ಸುಳಿಯಬಾರದ ಬಾವಿಗೆ ಈ ಹುಡುಗಿ ನೀರಿಗೆ ಹೋದದ್ದು ಹೇಗೆ? ಪ್ರಕಾಶಕರು ಓದಿ ಮೆಚ್ಚಿದರು. ಮೆಚ್ಚಿ, ಹುಡುಗಿಯನ್ನು ದೇಸಾಯರ ಮಗಳನ್ನಾಗಿ ಮಾಡಿದರು.

"'ಕೇರಿ ಹುಡುಗಿ ಸತ್ರ ಯಾರು ರೊಕ್ಕಾ ಕೊಟ್ಟು ಓದ್ತಾರೋ' ಅಂದ್ರು. ದೇಸಾಯರ ಮಗಳು ಯಾವ ಬಾವಿಗಾದ್ರೂ ಹೋಗಬಹುದಲ್ರಿ. ನನ್ನ ಸುಳಿವು ಅಲ್ಲೇ ಹೋತು. ಕಡೀಕ, ಪ್ರೀತಿ ಮುರದು ಆಕೀನ ಹಾರಿಕೊಂಡ್ಲು ಅಂತ ಬರದು ಮುಗಿಸಿಬಿಟ್ರು. ನನ್ನ ಕೇಳಲಿಲ್ಲ, ಅಚ್ಚಾಗಿ ಬಂದ ಮ್ಯಾಲೆ ಓದಿದೆ. ಅಕ್ಕನ್ನ ಎರಡನೇ ಸಲಾ ಬಾವಿಗೆ ನೂಕಿದಂಗ ಆತ್ರಿ."

ಊರಲ್ಲಿ ಆ ಪುಸ್ತಕವನ್ನು ಮೊದಲು ಕೊಂಡು ಓದಿದವರು ಒಬ್ಬ ನಿವೃತ್ತ ಮಾಸ್ತರರು. ಹೆಸರು ಬದಲಿಸಿ ಕೃಷ್ಣಾಜಿ ಎನ್ನೋಣ. ಹುಲಿಗೆಪ್ಪನಿಗೆ ಅಕ್ಷರ ಕಲಿಸಿದವರು ಅವರೇ. ಪಂಚನಾಮೆಗೆ ಸಹಿ ಹಾಕಿದ ಇಬ್ಬರಲ್ಲಿ ಒಬ್ಬರೂ ಅವರೇ. ಇನ್ನೊಬ್ಬರು ತೀರಿಕೊಂಡಿದ್ದಾರೆ.

"ಮಾಸ್ತರು ಕಟ್ಟಿ ಮ್ಯಾಲೆ ಕುಂತು ಕರದ್ರು. 'ಭಾಷಾ ಅಗದೀ ಛಲೋ ಅದ ನೋಡು ಹುಲಿಗ್ಯಾ. ಕಡೀಗೆ ಹಂಗ ಮುಗಿಸಿದ್ದೂ ಛಲೋ ಆತು' ಅಂದ್ರು. ನಾ ಕೆಳಗ ನಿಂತು ಕೇಳಿಸಿಕೊಂಡೆ. ಮರುದಿನಾನ ಹೋಗಿ ಕಾಲೇಜಿಗೆ ಹೆಸರು ಹಚ್ಚಿದೆ."

ಬಿ.ಎ. ಮುಗಿಸಬೇಕು, ಲಾ ಓದಬೇಕು, ಅಕ್ಕನ ಕೇಸನ್ನು ತಾವೇ ಮತ್ತೆ ತೆರೆಸಬೇಕು. ಬೇರೆ ವಕೀಲರನ್ನು ಹಿಡಿಯಬಾರದೇ ಎಂದರೆ, ಇವರು ಕಂಡ ವಕೀಲರೆಲ್ಲ ಕೊಂದವರ ಮನೆತನ ಯಾವುದೆಂದು ಕೇಳಿ ಕೈ ತೊಳೆದುಕೊಂಡಿದ್ದಾರೆ. ಅಪ್ಪ ಈಗಿಲ್ಲ. ಉಳಿದ ಸಾಕ್ಷಿ ಕೃಷ್ಣಾಜಿ ಮಾಸ್ತರರೊಬ್ಬರೇ; ಸಹಿ ಹಾಕಿದ್ದು ಸುಳ್ಳಿಗೆಂದು ಕೋರ್ಟಿನಲ್ಲಿ ಅವರ ಬಾಯಿಂದಲೇ ಬರಬೇಕು. ಅವರಿಗೆ ಎಪ್ಪತ್ತು ದಾಟಿದೆ, ದಮ್ಮಿನ ಕಾಯಿಲೆ ಬೇರೆ. ಹುಲಿಗೆಪ್ಪನ ಓದು ಮುಗಿಯಲು ಇನ್ನೂ ಆರು ವರ್ಷ ಬೇಕು.

ಹೋದ ವಾರ ಯಮನೂರಿನ ದರ್ಗಾಕ್ಕೆ ಹೋಗಿ ಬಂದಿರಂತಲ್ಲ, ಪಾಸಾಗಲೆಂದು ಬೇಡಿಕೊಂಡಿರಾ ಎಂದು ಕೇಳುತ್ತೇನೆ. ಅವರು ತಲೆಯಲ್ಲಾಡಿಸುತ್ತಾರೆ.

"ಇಲ್ರಿ. ಓದೂದು ನನ್ನ ಕೈಯಾಗ ಐತಿ. ನಮ್ಮ ಮಾಸ್ತರಿಗೆ ಆಯುಷ್ಯಾ ಕೊಡು ಅಂತ ಬೇಡಿಕೊಂಡು ಬಂದೀನಿ."