ಇವನೇ ಎಂದವಳು ನಾನು

ಗಲ್ಫಿನ ಮುಐದರ್ ಬಡಾವಣೆಯಲ್ಲಿ ನಮ್ಮ ಕಟ್ಟಡದ ಕಾವಲುಗಾರ ಉಗಾಂಡಾದವನು. ನಾನು ತರಕಾರಿ ಚೀಲ ಹೊತ್ತು ಬಂದರೆ ಎದ್ದು, ಒಂದು ಕೈ ಎದೆಯ ಮೇಲಿಟ್ಟು, ಇನ್ನೊಂದರಿಂದ ಲಿಫ್ಟಿನ ಬಾಗಿಲು ಹಿಡಿಯುತ್ತಿದ್ದ. “ಸ್ಲೋಲಿ, ಸಿಸ್ಟರ್, ಸ್ಲೋಲಿ” ಎನ್ನುವುದು ಅವನ ನಿತ್ಯದ ಮಾತು.

ಒಂದು ಮಧ್ಯಾಹ್ನ ಎದುರು ಮನೆಯ ಬೀಗ ಒಡೆದು ಯಾರೋ ಒಡವೆ ಕದ್ದರು. ಕಪ್ಪು ಮನುಷ್ಯನೊಬ್ಬ ಮೆಟ್ಟಿಲಿಳಿದು ಹೋದದ್ದನ್ನು ಹಿಂದಿನಿಂದ ಕಂಡೆ ಎಂದು ಪೊಲೀಸರಿಗೆ ಹೇಳಿದೆ. ಕಾವಲುಗಾರನನ್ನು ನನ್ನೆದುರು ನಿಲ್ಲಿಸಿ, ಇವನೇನಾ ಎಂದು ಕೇಳಿದರು. “ಹೌದು, ಇವನೇ” ಎಂದುಬಿಟ್ಟೆ.

ಅದೇ ಮಧ್ಯಾಹ್ನ ಅದೇ ಮೆಟ್ಟಿಲಲ್ಲಿ ಎ.ಸಿ. ರಿಪೇರಿಯವನೂ ಎದುರಾಗಿದ್ದ. ಉಡುಪಿ ಕಡೆಯವನು. “ಊಟ ಆಯ್ತಾ ಅಕ್ಕ?” ಎಂದು ಕೇಳಿದ್ದ. ನಮ್ಮವನಲ್ಲವೇ ಎಂದು ಅವನ ಸುದ್ದಿಯನ್ನೇ ಎತ್ತಲಿಲ್ಲ.

“ನಾನು ಮುಖ ನೋಡ್ಲಿಲ್ಲ” ಎಂದು ಮನೆಯಲ್ಲಿ ಒದ್ದಾಡಿದಾಗ ಗಂಡ, “ಬಿಡು ಮಾರಾಯ್ತಿ, ಅಂಥವರೇ ಮಾಡಿರ್ತಾರೆ” ಎಂದರು. ಕೋರ್ಟಿನಲ್ಲೂ “ಇವನೇ” ಎಂದೇ ಹೇಳಿದೆ. ಕಾವಲುಗಾರನಿಗೆ ಜೈಲಾಯಿತು, ಶಿಕ್ಷೆ ಮುಗಿದ ಮೇಲೆ ದೇಶದಿಂದಲೇ ಕಳಿಸಿದರು.

ಆಮೇಲೆ ಇನ್ನೊಂದು ಕಟ್ಟಡದಲ್ಲಿ ಕದಿಯುವಾಗ ರಿಪೇರಿಯವನು ಸಿಕ್ಕಿಬಿದ್ದ. ನಮ್ಮಲ್ಲಿನ ಕಳ್ಳತನವನ್ನೂ ಒಪ್ಪಿಕೊಂಡ. ನಾನು ಠಾಣೆಗೆ ಹೋಗಿ ನನ್ನ ಹೇಳಿಕೆ ತಪ್ಪೆಂದು ಬರೆದುಕೊಟ್ಟೆ. ಹೊಸ ಕಾವಲುಗಾರನಿಂದ ಹಳೆಯವನ ನಂಬರ್ ಪಡೆದು, ಮೆಸೇಜ್ ಕಳಿಸಿ ಕ್ಷಮೆ ಕೇಳಿದೆ.

ಎರಡು ದಿನ ಬಿಟ್ಟು ಉತ್ತರ ಬಂತು: “ಮೇಡಂ, ದಿನಾ ನನ್ನನ್ನ ನೋಡ್ತಿದ್ರಲ್ಲ. ನಿಜವಾಗ್ಲೂ ನಾನೇ ಕದ್ದೆ ಅನಿಸಿತ್ತಾ?”

ಅನಿಸಿರಲಿಲ್ಲ. ಹಾಗೆಂದೇ ಬರೆದು ಕಳಿಸಿದೆ.